ಸೊನ್ನೆ ತೋರಿಸುವ ಆಯತ, 147 ಎನ್ನುವ ವೃತ್ತ

ಪ್ರಶ್ನೆ: ಸರ್, ನಾನು ಗದಗದಾಗ ಬಿಸಿಎ ಎರಡನೇ ವರ್ಷ ಓದಾಕತ್ತೇನಿ. ಜಾವಾದಾಗ ಆಕೃತಿಗಳ ಕ್ಲಾಸ್ ಬರದೇನಿ. ಕ್ಲಾಸಿಂದೂ ವೇರಿಯಬಲ್‌ದೂ ಹೆಸರು ಎಲ್ಲಾ ಕನ್ನಡದಾಗ ಇಟ್ಟೇನಿ: ಆಯತ, ವೃತ್ತ, ತ್ರಿಕೋನ, ಉದ್ದ, ಅಗಲ. ಕಂಪೈಲ್ ಛಲೋ ಆಗತೈತಿ, ಒಂದೂ ಎರರ್ ಬರಾಂಗಿಲ್ಲ. ಆದ್ರ 30 × 40 ಸೈಟಿನ ವಿಸ್ತೀರ್ಣ ಕೇಳಿದ್ರ 0.0 ಅಂತೈತಿ. ವೃತ್ತಕ್ಕ ತ್ರಿಜ್ಯ 7 ಕೊಟ್ರ 154 ಬರಬೇಕು, 147 ಬರತೈತಿ. ತ್ರಿಕೋನದ್ದು ಯಾವಾಗ ನೋಡಿದ್ರೂ ಸೊನ್ನಿ. ಎಲ್ಲಾ ಒಂದ ಅರೇದಾಗ ಹಾಕಿ ಒಟ್ಟು ತಗದ್ರ ಆ 147 ಸುದ್ದಾ ಅದರಾಗ ಸೇರಾಂಗಿಲ್ಲ. ಕನ್ನಡ ಹೆಸರು ಇಟ್ಟಿದ್ದಕ್ಕ ಹಿಂಗಾಗೇತಿ ಅಂತ ಗೆಳತ್ಯಾರು ಅಂತಾರ. ಖರೇನ್ರಿ?

ಉತ್ತರ: ಖರೆ ಅಲ್ಲ. ನಿಮ್ಮ ಕೋಡಿನಲ್ಲಿ ಮೂರು ಬೇರೆ ಬೇರೆ ತಪ್ಪುಗಳಿವೆ. ಅವುಗಳಲ್ಲಿ ಒಂದು ಮಾತ್ರ ಕನ್ನಡ ಕಾಗುಣಿತಕ್ಕೆ ತಗಲಿಕೊಂಡಿದೆ, ಅದೂ ಜಾವಾದ ತಪ್ಪಲ್ಲ.

ಮೊದಲು ಗೆಳತಿಯರ ಅನುಮಾನ ತೀರಿಸೋಣ. ಹೆಸರುಗಳಲ್ಲಿ ಯಾವ ಲಿಪಿಯ ಅಕ್ಷರ ಬಳಸಿದರೂ ಜಾವಾ ಒಪ್ಪುತ್ತದೆ. ಕ್ಲಾಸ್, ರಿಟರ್ನ್, ಡಬಲ್‌ನಂಥ ಕೀವರ್ಡ್‌ಗಳು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. (ಕೆಳಗಿನ ಕೋಡಿನಲ್ಲಿ ಅವನ್ನೂ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಎಂದಿನಂತೆ ಹೊಡೆಯಿರಿ.) ಕನ್ನಡ ಹೆಸರುಗಳಿಂದ ತೊಂದರೆ ಆಗುವುದಿದ್ದರೆ ಅದು ಕಂಪೈಲ್ ಹಂತದಲ್ಲೇ ಆಗುತ್ತದೆ. ಫೈಲು ಯುಟಿಎಫ್-8ರಲ್ಲಿದ್ದು (ಎಲ್ಲ ಲಿಪಿಗಳನ್ನೂ ಉಳಿಸುವ ಸಂಕೇತ ಕ್ರಮ) ಕಂಪೈಲರ್ ಅದನ್ನು ವಿಂಡೋಸಿನ ಹಳೆಯ ಎನ್‌ಕೋಡಿಂಗ್‌ನಲ್ಲಿ ಓದಿದರೆ ‘ಇಲ್ಲೀಗಲ್ ಕ್ಯಾರೆಕ್ಟರ್’ ಎಂದು ಸಾಲು ಸಾಲು ಎರರ್ ಸುರಿಯುತ್ತವೆ. ಜೆಡಿಕೆ (ಜಾವಾ ಕಂಪೈಲರ್ ಇರುವ ಕಿಟ್) 18ರಿಂದ ಯುಟಿಎಫ್-8 ತಾನಾಗಿಯೇ ಹಿಡಿಯುತ್ತದೆ. ಅದಕ್ಕಿಂತ ಹಳೆಯದಾದರೆ ಕಂಪೈಲ್ ಮಾಡುವಾಗ ಎನ್‌ಕೋಡಿಂಗ್ ಆಯ್ಕೆಯಲ್ಲಿ ಅದನ್ನು ಹೇಳಬೇಕು. ನಿಮ್ಮದು ಎರರ್ ಇಲ್ಲದೆ ಕಂಪೈಲ್ ಆಗಿದೆ ಎಂದ ಮೇಲೆ ಹೆಸರುಗಳನ್ನು ಜಾವಾ ಸರಿಯಾಗಿಯೇ ಓದಿದೆ. ಪರದೆಯ ಮೇಲೆ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಬಂದರೂ ಅದು ಟರ್ಮಿನಲ್ಲಿನ ಫಜೀತಿ, ಲೆಕ್ಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಒಂದು ಕಡೆ ಮಾತ್ರ ಎಚ್ಚರ ಬೇಕು. ‘ಕೋನ’ ಎಂಬ ಹೆಸರಿನ ‘ಕೋ’ ಯುನಿಕೋಡಿನಲ್ಲಿ ಎರಡು ರೀತಿ ಕೂರಬಹುದು: ಓಕಾರದ ಚಿಹ್ನೆ ಒಂದೇ ಸಂಕೇತವಾಗಿ, ಇಲ್ಲವೇ ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಬಿಡಿಬಿಡಿಯಾಗಿ. ಕಣ್ಣಿಗೆ ಎರಡೂ ಒಂದೇ, ಜಾವಾಕ್ಕೆ ಎರಡು ಬೇರೆ ಹೆಸರು. ಬೇರೆ ಕೀಲಿಮಣೆಯಿಂದಲೋ ಫಾಂಟ್ ಪರಿವರ್ತಕದಿಂದಲೋ ತಂದ ಸಾಲನ್ನು ಅಂಟಿಸಿದ ಮೇಲೆ ‘ಕೋನ ಎಂಬುದು ಸಿಗುತ್ತಿಲ್ಲ’ ಎಂದು ಕಂಪೈಲರ್ ಹಟ ಹಿಡಿದರೆ ಆ ಹೆಸರನ್ನು ಅಳಿಸಿ, ಒಂದೇ ಕೀಲಿಮಣೆಯಲ್ಲಿ ಎಲ್ಲ ಕಡೆ ಮತ್ತೆ ಹೊಡೆಯಿರಿ. ಲ್ಯಾಬ್ ಪರೀಕ್ಷೆಯಲ್ಲಿ ಮಾತ್ರ ಇಂಗ್ಲಿಷ್ ಹೆಸರುಗಳನ್ನೇ ಇಡಿ ಎನ್ನುತ್ತೇನೆ. ಅಲ್ಲಿನ ಗಣಕದಲ್ಲಿ ಯಾವ ಜೆಡಿಕೆ, ಯಾವ ಕೀಲಿಮಣೆ ಇರುತ್ತದೋ ಹೇಳಲಾಗದು. ಮನೆಯಲ್ಲಿ ಕಲಿಯುವಾಗ ಕನ್ನಡ ಹೆಸರುಗಳೇ ಛಲೋ, ಯಾವುದು ಭಾಷೆಯ ಪದ, ಯಾವುದು ನೀವು ಇಟ್ಟ ಹೆಸರು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಇನ್ನು 0.0. ಆಬ್ಜೆಕ್ಟ್ ಹುಟ್ಟುವಾಗ ಅದಕ್ಕೆ ಮೊದಲ ಬೆಲೆ ತುಂಬುವ, ನೀವು ಕಳಿಸಿದ ಕನ್‌ಸ್ಟ್ರಕ್ಟರ್ ಹೀಗಿದೆ:

ಕ್ಲಾಸ್ ಆಯತ {
  ಡಬಲ್ ಉದ್ದ, ಅಗಲ;
  ಆಯತ(ಡಬಲ್ ಉದ್ದ, ಡಬಲ್ ಅಗಲ) {
    ಉದ್ದ = ಉದ್ದ;
    ಅಗಲ = ಅಗಲ;
  }
}

ಇಲ್ಲಿ ‘ಉದ್ದ’ ಎಂಬ ಹೆಸರಿನವರು ಇಬ್ಬರಿದ್ದಾರೆ. ಒಬ್ಬರು ಆಬ್ಜೆಕ್ಟಿನ ಫೀಲ್ಡ್, ಇನ್ನೊಬ್ಬರು ಆವರಣದಲ್ಲಿ ಬಂದ ಪ್ಯಾರಾಮೀಟರ್. ಕನ್‌ಸ್ಟ್ರಕ್ಟರಿನ ಒಳಗೆ ನಿಂತು ಬರೀ ‘ಉದ್ದ’ ಎಂದು ಕರೆದರೆ ಹತ್ತಿರದಲ್ಲಿರುವ ಪ್ಯಾರಾಮೀಟರ್ ಓಗೊಡುತ್ತದೆ. ಹಾಗಾಗಿ ನಿಮ್ಮ ಸಾಲು ಪ್ಯಾರಾಮೀಟರಿನ ಬೆಲೆಯನ್ನು ಪ್ಯಾರಾಮೀಟರಿಗೇ ಹಾಕುತ್ತದೆ. ಫೀಲ್ಡಿನ ಕಡೆ ಯಾರೂ ಹೋಗಿಲ್ಲ, ಅದು ಹುಟ್ಟಿದಾಗಿನ 0.0 ಆಗಿಯೇ ಕುಳಿತಿದೆ. ವಿಸ್ತೀರ್ಣದ ಮೆಥಡ್‌ನಲ್ಲಿ ಪ್ಯಾರಾಮೀಟರ್ ಇಲ್ಲವಲ್ಲ, ಅಲ್ಲಿ ‘ಉದ್ದ’ ಎಂದರೆ ಫೀಲ್ಡೇ. ಸೊನ್ನೆಯನ್ನು ಸೊನ್ನೆಯಿಂದ ಗುಣಿಸಿ ಅದು ಪ್ರಾಮಾಣಿಕವಾಗಿಯೇ 0.0 ಕೊಟ್ಟಿದೆ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಡಿ, ಕಣ್ಣಾರೆ ನೋಡಿ. ಕನ್‌ಸ್ಟ್ರಕ್ಟರಿನ ಮುಚ್ಚುವ ಆವರಣದ ಸಾಲಿಗೆ ಬ್ರೇಕ್‌ಪಾಯಿಂಟ್ ಇಟ್ಟು ಡಿಬಗ್‌ನಲ್ಲಿ ಓಡಿಸಿ. ವೇರಿಯಬಲ್ಸ್ ಫಲಕದಲ್ಲಿ ಉದ್ದ 30.0, ಅಗಲ 40.0 ಎಂದು ಕಾಣುತ್ತದೆ. ‘ಎಲ್ಲಾ ಸರಿಯಾಗೇ ಐತಲ್ಲ’ ಎಂದು ಅಲ್ಲಿಗೇ ನಿಲ್ಲಿಸಬೇಡಿ, ಅವು ಪ್ಯಾರಾಮೀಟರುಗಳು. ಅದೇ ಫಲಕದಲ್ಲಿ ‘ದಿಸ್’ (ಈಗ ಹುಟ್ಟುತ್ತಿರುವ ಆಬ್ಜೆಕ್ಟ್) ಎಂಬ ಸಾಲಿದೆ. ಅದರ ಬಾಣದ ಗುರುತು ಒತ್ತಿ ಬಿಚ್ಚಿದರೆ ಒಳಗೆ ಇನ್ನೊಂದು ಉದ್ದ, ಇನ್ನೊಂದು ಅಗಲ, ಎರಡೂ 0.0. ಬೆಲೆ ಎಲ್ಲಿ ಕಳೆಯಿತು ಎಂಬುದು ಆ ಎರಡು ಸಾಲಿನ ನಡುವೆ ಸಿಕ್ಕಿತು.

ರಿಪೇರಿ ಸಣ್ಣದು: ದಿಸ್.ಉದ್ದ = ಉದ್ದ; ದಿಸ್.ಅಗಲ = ಅಗಲ. ಆದರೆ ರಿಪೇರಿಗೆ ಮೊದಲು ಒಂದು ಕೆಲಸ ಮಾಡಿ ನೋಡಿ. ಫೀಲ್ಡುಗಳನ್ನು ‘ಪ್ರೈವೇಟ್ ಫೈನಲ್ ಡಬಲ್’ ಎಂದು ಬದಲಿಸಿ, ತಪ್ಪು ಸಾಲನ್ನು ಹಾಗೇ ಬಿಟ್ಟು ಕಂಪೈಲ್ ಮಾಡಿ. ಈಗ ಅದೇ ಕೋಡ್ ಕಂಪೈಲ್ ಆಗುವುದಿಲ್ಲ. ‘ಉದ್ದಕ್ಕೆ ಬೆಲೆ ಕೊಡದೇ ಇರಬಹುದು’ ಎಂಬರ್ಥದ ಎರರ್ ಕನ್‌ಸ್ಟ್ರಕ್ಟರಿನ ಮುಚ್ಚುವ ಆವರಣಕ್ಕೇ ಬೊಟ್ಟು ಮಾಡುತ್ತದೆ. ಫೈನಲ್ ಫೀಲ್ಡಿಗೆ ಕನ್‌ಸ್ಟ್ರಕ್ಟರ್ ಮುಗಿಯುವುದರೊಳಗೆ ಬೆಲೆ ಸಿಗಲೇಬೇಕು ಎಂಬುದು ಜಾವಾದ ಕಟ್ಟುನಿಟ್ಟು. ಸುಮ್ಮನೆ ಸೊನ್ನೆ ತೋರಿಸುವ ತಪ್ಪು ಹೀಗೆ ಕೂಗಿ ಹೇಳುವ ತಪ್ಪಾಗುತ್ತದೆ. ಆಕೃತಿಗಳ ಕ್ಲಾಸಿನಲ್ಲಿ ಫೈನಲ್ ಇಲ್ಲದ ಅಳತೆಯ ಫೀಲ್ಡ್ ಕಂಡರೆ ನಾನು ಮೊದಲು ಅಲ್ಲೇ ಅನುಮಾನ ಪಡುತ್ತೇನೆ.

ಇದೇ ಸೊನ್ನೆ ಇನ್ನೊಂದು ದಾರಿಯಿಂದಲೂ ಬರುತ್ತದೆ. ಕನ್‌ಸ್ಟ್ರಕ್ಟರಿನ ಮುಂದೆ ರೂಢಿಬಲದಿಂದ ‘ವಾಯ್ಡ್’ ಎಂದು ಬರೆದರೆ ಅದು ಕನ್‌ಸ್ಟ್ರಕ್ಟರೇ ಅಲ್ಲ, ಕ್ಲಾಸಿನದೇ ಹೆಸರಿನ ಸಾದಾ ಮೆಥಡ್. ಪ್ಯಾರಾಮೀಟರ್ ಇದ್ದರೆ ‘ನ್ಯೂ ಆಯತ(30, 40)’ ಸಾಲಿಗೆ ಎರರ್ ಬಂದು ಸಿಕ್ಕಿಬೀಳುತ್ತದೆ, ಇಲ್ಲದಿದ್ದರೆ ಸದ್ದಿಲ್ಲದೆ ಸೊನ್ನೆ. ಇನ್ನು ಎರಡು ಸೈಟು ಮಾಡಿದರೆ ಎರಡಕ್ಕೂ ಎರಡನೆಯದರದೇ ವಿಸ್ತೀರ್ಣ ಬರುತ್ತಿದ್ದರೆ ಫೀಲ್ಡಿನ ಮುಂದೆ ‘ಸ್ಟ್ಯಾಟಿಕ್’ ಕುಳಿತಿದೆಯೇ ನೋಡಿ. ಮೇನ್ ಮೆಥಡ್‌ನ ಎರರ್ ತಪ್ಪಿಸಲು ಕಂಡಲ್ಲೆಲ್ಲ ಸ್ಟ್ಯಾಟಿಕ್ ಹಚ್ಚುವ ಚಾಳಿಯಿಂದ ಇದು ಬರುತ್ತದೆ. ಸ್ಟ್ಯಾಟಿಕ್ ಆದ ಉದ್ದ ಇಡೀ ಕ್ಲಾಸಿಗೆ ಒಂದೇ, ಕೊನೆಗೆ ಬರೆದವರದೇ ಉಳಿಯುತ್ತದೆ.

ವೃತ್ತದ 147, ತ್ರಿಕೋನದ ಸೊನ್ನೆ: ಈ ಎರಡೂ ಒಂದೇ ಬೇರಿನವು. 22 / 7 ಎಂದು ಬರೆದರೆ ಎರಡೂ ಪೂರ್ಣಾಂಕ. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಜಾವಾ ಶೇಷ ಬಿಟ್ಟು 3 ಮಾತ್ರ ಕೊಡುತ್ತದೆ. 3 × 7 × 7 = 147. ತ್ರಿಕೋನದಲ್ಲಿ 1 / 2 ಎಂದರೆ ಸೊನ್ನೆ, ಮುಂದೆ ತಳ, ಎತ್ತರ ಎಷ್ಟೇ ಇರಲಿ ಸೊನ್ನೆಯೇ. ಫೀಲ್ಡುಗಳು ಡಬಲ್ ಆಗಿದ್ದರೂ ಉಪಯೋಗವಿಲ್ಲ, ಏಕೆಂದರೆ ಲೆಕ್ಕ ಎಡದಿಂದ ಬಲಕ್ಕೆ ನಡೆಯುತ್ತದೆ, ಡಬಲ್ ಎದುರಾಗುವ ಹೊತ್ತಿಗೆ ಭಿನ್ನರಾಶಿ ಸತ್ತಿರುತ್ತದೆ. ತಮಾಷೆ ಎಂದರೆ, ಅದೇ ಸೂತ್ರವನ್ನು ‘ತಳ * ಎತ್ತರ * 1 / 2’ ಎಂದು ಬರೆದಿದ್ದರೆ ಉತ್ತರ ಸರಿಯಾಗಿಯೇ ಬರುತ್ತಿತ್ತು. ನಿಮ್ಮ ಗೆಳತಿಯ ಕೋಡ್ ಸರಿ ಇದ್ದು ನಿಮ್ಮದು ತಪ್ಪಾಗಲು ಇಷ್ಟೇ ಸಾಕು. ತ್ರಿಕೋನಕ್ಕೆ 0.5 ಎಂದೇ ಬರೆಯಿರಿ, ವೃತ್ತಕ್ಕೆ ಮ್ಯಾಥ್ ಕ್ಲಾಸಿನ ಪೈ ಬಳಸಿ. ಆಗ ಉತ್ತರ 154 ಬರುವುದಿಲ್ಲ, 153.938 ಬರುತ್ತದೆ. ಅದೇ ಸರಿ. 154 ಎಂಬುದು 22/7ರ ಅಂದಾಜು.

ಮೂರನೆಯದು ಅರೇ. ಆಯತ, ವೃತ್ತ, ತ್ರಿಕೋನ ಎಲ್ಲವೂ ‘ಆಕೃತಿ’ ಎಂಬ ಮೇಲಿನ ಕ್ಲಾಸಿನಿಂದ ಇಳಿದವು, ಅದರಲ್ಲಿ ‘ವಿಸ್ತೀರ್ಣ()’ ಎಂಬ ಮೆಥಡ್ ಇದೆ, ಸೊನ್ನೆ ಹಿಂದಿರುಗಿಸುತ್ತದೆ. ವೃತ್ತದ ಕ್ಲಾಸಿನಲ್ಲಿ ನೀವು ಬರೆದಿರುವ ಮೆಥಡ್‌ನ ಹೆಸರು ಒಮ್ಮೆ ಅಕ್ಷರ ಅಕ್ಷರ ಓದಿ: ‘ವಿಸ್ತಿರ್ಣ()’. ‘ತೀ’ಗೆ ದೀರ್ಘ ಬಿಟ್ಟುಹೋಗಿದೆ. ಕನ್ನಡ ಮೇಷ್ಟ್ರು ಅರ್ಧ ಅಂಕ ಕಳೆಯುವ ತಪ್ಪು, ಜಾವಾ ಮಾತ್ರ ಇದನ್ನು ತಪ್ಪು ಎಂದೇ ತಿಳಿಯುವುದಿಲ್ಲ, ಹೊಸದೊಂದು ಮೆಥಡ್ ಎಂದು ನಮಸ್ಕಾರ ಹೇಳಿ ಒಳಗೆ ಬಿಟ್ಟುಕೊಳ್ಳುತ್ತದೆ. ವೃತ್ತವನ್ನು ನೇರವಾಗಿ ಕೇಳಿದಾಗ ಎಡಿಟರ್ ತೋರಿಸಿದ ಪಟ್ಟಿಯಿಂದ ಆ ಹ್ರಸ್ವದ ಹೆಸರನ್ನೇ ಆರಿಸಿದ್ದೀರಿ, ಹಾಗಾಗಿ 147 ಬಂತು. ಅರೇಯಲ್ಲಿ ಎಲ್ಲವೂ ‘ಆಕೃತಿ’ಗಳು, ಅಲ್ಲಿ ಕರೆದದ್ದು ದೀರ್ಘದ ‘ವಿಸ್ತೀರ್ಣ’. ವೃತ್ತದಲ್ಲಿ ಆ ಹೆಸರಿನದು ಇಲ್ಲದ್ದರಿಂದ ಮೇಲಿನ ಕ್ಲಾಸಿನ ಸೊನ್ನೆ ಬಂದು ಕೂಡಿತು.

ಕಾಗುಣಿತ ತಿದ್ದಿದರೆ ಇವತ್ತಿನ ಮಟ್ಟಿಗೆ ಮುಗಿಯಿತು. ಮತ್ತೆ ಆಗಬಾರದು ಎಂದರೆ ಎರಡು ಬಂದೋಬಸ್ತು ಬೇಕು. ಒಂದು, ಆಕೃತಿಯನ್ನು ಅಬ್‌ಸ್ಟ್ರ್ಯಾಕ್ಟ್ ಮಾಡಿ, ಅದರ ವಿಸ್ತೀರ್ಣದ ಮೆಥಡ್‌ಗೆ ಮೈಯೇ ಇಲ್ಲದಂತೆ ಬಿಡಿ. ‘ಬರೀ ಆಕೃತಿ’ಯ ವಿಸ್ತೀರ್ಣ ಎಷ್ಟು ಎಂದು ಕೇಳಿದರೆ ಉತ್ತರವೇ ಇಲ್ಲ, ಸೊನ್ನೆ ಎನ್ನುವುದು ಸುಳ್ಳು ಸಾಕ್ಷಿ. ಎರಡು, ಕೆಳಗಿನ ಪ್ರತಿ ಕ್ಲಾಸಿನಲ್ಲೂ ಮೆಥಡ್‌ನ ಮೇಲೆ ಅಟ್ ಚಿಹ್ನೆಯ ಜೊತೆ ‘ಓವರ್‌ರೈಡ್’ ಎಂದು ಬರೆಯಿರಿ. ಮೇಲಿನ ಕ್ಲಾಸಿನಲ್ಲಿ ಆ ಹೆಸರಿನ, ಅದೇ ಪ್ಯಾರಾಮೀಟರುಗಳ ಮೆಥಡ್ ಇಲ್ಲದಿದ್ದರೆ ಕಂಪೈಲರ್ ಅಲ್ಲೇ ತಡೆಯುತ್ತದೆ.

ಆಕೃತಿಯ ಕನ್‌ಸ್ಟ್ರಕ್ಟರಿನಲ್ಲೇ ವಿಸ್ತೀರ್ಣ ಪ್ರಿಂಟ್ ಮಾಡುವ ಆಸೆ ಬಂದರೆ ತಡೆದುಕೊಳ್ಳಿ. ಮೇಲಿನ ಕ್ಲಾಸಿನ ಕನ್‌ಸ್ಟ್ರಕ್ಟರ್ ಮೊದಲು ಓಡುತ್ತದೆ, ಆಗಿನ್ನೂ ವೃತ್ತದ ತ್ರಿಜ್ಯಕ್ಕೆ ಬೆಲೆ ಬಂದಿರುವುದಿಲ್ಲ. ಕೋಡೆಲ್ಲ ಸರಿ ಇದ್ದೂ ಮತ್ತೆ 0.0.

ಈಗ ನೀವು ಕೇಳದ ಒಂದು ವಿಷಯ. ನಿಮ್ಮ ತ್ರಿಕೋನಕ್ಕೆ ತಳ ಮತ್ತು ಎತ್ತರದ ಬದಲು ಮೂರು ಬಾಹು ಕೊಟ್ಟು ಹೆರಾನ್ ಸೂತ್ರ ಬಳಸಿ ನೋಡಿ. 3, 4, 5 ಕೊಟ್ಟರೆ 6 ಬರುತ್ತದೆ. 3, 4, 8 ಕೊಟ್ಟರೆ? ಅರ್ಧ ಸುತ್ತಳತೆ 7.5, ಅದರಿಂದ 8 ಕಳೆದರೆ ಋಣ 0.5, ವರ್ಗಮೂಲದ ಒಳಗೆ ಋಣ ಸಂಖ್ಯೆ. ಜಾವಾ ಎರರ್ ಕೊಡುವುದಿಲ್ಲ, ‘ನ್ಯಾನ್’ ಎಂದು ಪ್ರಿಂಟ್ ಮಾಡುತ್ತದೆ, ಎಂದರೆ ‘ಇದು ಸಂಖ್ಯೆಯಲ್ಲ’. ಒಟ್ಟು ವಿಸ್ತೀರ್ಣಕ್ಕೆ ಇದು ಸೇರಿತೋ, ಇಡೀ ಒಟ್ಟೇ ನ್ಯಾನ್. ಹುಳಿ ಹಿಂಡಿದ ಹಾಲಿನಂತೆ, ಯಾವ ಹನಿ ಕೆಡಿಸಿತು ಎಂದು ಆಮೇಲೆ ಹುಡುಕಿದರೆ ಸಿಗುವುದಿಲ್ಲ. 3, 4, 8 ಬಾಹುಗಳ ತ್ರಿಕೋನ ಹುಟ್ಟಲೇಬಾರದಿತ್ತು. ಆ ಬಾಗಿಲು ಕಾಯುವ ಕೆಲಸ ಕನ್‌ಸ್ಟ್ರಕ್ಟರಿನದು: ಯಾವುದೇ ಎರಡು ಬಾಹುಗಳ ಮೊತ್ತ ಮೂರನೆಯದಕ್ಕಿಂತ ಹೆಚ್ಚಿರದಿದ್ದರೆ ಇಲ್ಲೀಗಲ್ ಆರ್ಗ್ಯುಮೆಂಟ್ ಎಕ್ಸೆಪ್ಶನ್ ಎಸೆಯಬೇಕು, ಅದರ ಸಂದೇಶದಲ್ಲಿ ಮೂರೂ ಅಳತೆ ಇರಬೇಕು.

ಆಯತದ ಬಾಗಿಲಲ್ಲಿ ಹೆಚ್ಚಿನವರು ‘ಉದ್ದ <= 0 ಆದರೆ ಎಸೆ’ ಎಂದು ಬರೆಯುತ್ತಾರೆ. ನ್ಯಾನ್ ಇದನ್ನು ಸಲೀಸಾಗಿ ದಾಟುತ್ತದೆ, ಏಕೆಂದರೆ ನ್ಯಾನ್ ಜೊತೆ ಮಾಡಿದ ದೊಡ್ಡದು, ಚಿಕ್ಕದು, ಸಮ ಎಂಬ ಹೋಲಿಕೆ ಎಲ್ಲವೂ ಸುಳ್ಳೇ. ‘!(ಉದ್ದ > 0) ಆದರೆ ಎಸೆ’ ಎಂದು ತಿರುಗಿಸಿ ಬರೆಯಿರಿ, ಆಗ ಋಣ, ಸೊನ್ನೆ, ನ್ಯಾನ್ ಮೂರೂ ಹೊರಗೆ ನಿಲ್ಲುತ್ತವೆ.

ಅಳತೆಯ ಮೂಲಮಾನವನ್ನು ಯಾವ ಬಾಗಿಲೂ ಹಿಡಿಯಲಾರದು. ಉದ್ದ 30 ಅಡಿ, ಅಗಲ 12.192 ಮೀಟರ್ (ಅಂದರೆ 40 ಅಡಿಯೇ) ಎಂದು ಕೊಟ್ಟರೆ 365.76 ಎಂಬ ಉತ್ತರ ಬರುತ್ತದೆ, ಅದು ಚದರಡಿಯೂ ಅಲ್ಲ, ಚದರ ಮೀಟರೂ ಅಲ್ಲ. ಆಬ್ಜೆಕ್ಟಿನ ಒಳಗೆ ಒಂದೇ ಮಾನ ಇಡಿ. ಅಡಿ ಎಂದರೆ ಅಡಿ, ಫೀಲ್ಡಿನ ಹೆಸರೇ ‘ಉದ್ದಅಡಿ’ ಎಂದಿರಲಿ. ಬೇರೆ ಮಾನ ಬೇಕಾದರೆ ಹೊರಗೆ ಕೊಡುವಾಗ ಬದಲಿಸಿ. ನಮ್ಮ ಕಡೆ ಗುಂಟೆ ಕೇಳದೆ ಮಾತು ಮುಗಿಯುವುದಿಲ್ಲವಲ್ಲ, ಪರೀಕ್ಷೆಗೆ ಅದೇ ಒಳ್ಳೆಯದು: 33 × 33 ಅಡಿ ಎಂದರೆ 1089 ಚದರಡಿ, ಸರಿಯಾಗಿ ಒಂದು ಗುಂಟೆ. ಅದರ 40 ಪಟ್ಟು 43,560, ಒಂದು ಎಕರೆ. ನಿಮ್ಮ 30 × 40 ಸೈಟಿಗೆ 1200 ಚದರಡಿ, ಅಂದರೆ 111.48 ಚದರ ಮೀಟರ್.

ಪರೀಕ್ಷೆಯ ಅಂಕಿ ಆರಿಸುವುದರಲ್ಲೂ ಜಾಣತನ ಬೇಕು. 4 × 4 ಕೊಟ್ಟು ನೋಡುವವರು ಬಹಳ. ಅದರ ವಿಸ್ತೀರ್ಣ 16, ಸುತ್ತಳತೆಯೂ 16. ಎರಡು ಸೂತ್ರ ಅದಲುಬದಲಾದರೂ ಗೊತ್ತಾಗುವುದಿಲ್ಲ. ‘ಉದ್ದ * ಉದ್ದ’ ಎಂದು ಕೈತಪ್ಪಿ ಬರೆದಿದ್ದರೂ ಚೌಕದಲ್ಲಿ ಅಡಗುತ್ತದೆ. 3 × 6ಕ್ಕೂ ಎರಡೂ 18. 3 × 5 ತೆಗೆದುಕೊಳ್ಳಿ: ವಿಸ್ತೀರ್ಣ 15, ಸುತ್ತಳತೆ 16. ಆಮೇಲೆ 0.1 × 3 ಕೊಟ್ಟಾಗ 0.30000000000000004 ಬಂದರೆ ಗಾಬರಿ ಬೇಡ, ಹತ್ತನೇ ಒಂದು ಭಾಗ ದ್ವಿಮಾನದಲ್ಲಿ ಪೂರ್ತಿ ಕೂರುವುದಿಲ್ಲ. ಡಬಲ್ ಉತ್ತರಗಳನ್ನು ಎರಡು ಸಮ ಚಿಹ್ನೆಯಿಂದ ಹೋಲಿಸದೆ, ವ್ಯತ್ಯಾಸ ತೀರ ಸಣ್ಣದೇ ಎಂದು ನೋಡಿ.

ಕಳಿಸಿದ ಕೋಡಿನಲ್ಲಿ ಚೌಕವನ್ನು ಆಯತದ ಮಗಳಾಗಿ, ಅಂದರೆ ಆಯತದಿಂದ ಇಳಿದ ಕ್ಲಾಸಾಗಿ ಮಾಡಿದ್ದೀರಿ. ಗಣಿತದಲ್ಲಿ ಚೌಕ ಒಂದು ಆಯತ, ಒಪ್ಪಿದೆ. ಆದರೆ ಆಯತಕ್ಕೆ ಉದ್ದ ಬದಲಿಸುವ, ಅಗಲ ಬದಲಿಸುವ ಮೆಥಡ್‌ಗಳಿದ್ದರೆ ಸಂಬಂಧ ಕೆಡುತ್ತದೆ. ಆಯತ ಎಂದು ನಂಬಿದ ಕೋಡ್ ಉದ್ದ 60, ಅಗಲ 40 ಎಂದು ಬದಲಿಸಿ 2400 ನಿರೀಕ್ಷಿಸುತ್ತದೆ. ಒಳಗಿರುವುದು ಚೌಕವಾದರೆ ಅಗಲ 40 ಆದ ಕೂಡಲೇ ಉದ್ದವೂ 40, ಉತ್ತರ 1600. ಫೀಲ್ಡುಗಳು ಫೈನಲ್ ಆಗಿದ್ದು ಬದಲಿಸುವ ಮೆಥಡ್‌ಗಳೇ ಇಲ್ಲದಿದ್ದರೆ ಈ ಜಗಳ ಹುಟ್ಟುವುದಿಲ್ಲ. ನಾನಾದರೆ ಚೌಕಕ್ಕೆ ಬೇರೆ ಕ್ಲಾಸ್ ಮಾಡದೆ, ಒಂದೇ ಬಾಹು ಪಡೆದು ಆಯತವನ್ನೇ ಕೊಡುವ ಒಂದು ಮೆಥಡ್ ಇಡುತ್ತೇನೆ. ಜಾವಾ 16 ಅಥವಾ ಅದಕ್ಕಿಂತ ಹೊಸದಿದ್ದರೆ ಆಯತವನ್ನು ‘ರೆಕಾರ್ಡ್’ ಆಗಿ ಬರೆಯಬಹುದು. ಫೈನಲ್ ಫೀಲ್ಡು, ಹೋಲಿಕೆ, ಓದಲು ಬರುವ ಪ್ರಿಂಟ್ ಎಲ್ಲ ತಾನಾಗಿ ಬರುತ್ತವೆ. ಆಗ ಆಕೃತಿ ಅಬ್‌ಸ್ಟ್ರ್ಯಾಕ್ಟ್ ಕ್ಲಾಸ್ ಆಗಿರದೆ ಇಂಟರ್‌ಫೇಸ್ ಆಗಬೇಕು, ಏಕೆಂದರೆ ರೆಕಾರ್ಡ್ ಬೇರೆ ಕ್ಲಾಸಿನ ಕೆಳಗೆ ಬರಲಾರದು.

ಮುಂದಿನ ಹೆಜ್ಜೆ ಬಹುಭುಜ. ಊರಲ್ಲಿ ಎಲ್ಲ ಸೈಟೂ 30 × 40 ಇರುವುದಿಲ್ಲ. ಮೂಲೆಗಳ ಪಟ್ಟಿ ಕೊಟ್ಟರೆ ವಿಸ್ತೀರ್ಣ ಹೇಳುವುದು ಶೂಲೇಸ್ ಸೂತ್ರ: ಒಂದು ಮೂಲೆಯ ಅಡ್ಡ ಅಳತೆಯನ್ನು ಮುಂದಿನ ಮೂಲೆಯ ಎತ್ತರದಿಂದ ಗುಣಿಸಿ, ಮುಂದಿನದರ ಅಡ್ಡ ಅಳತೆಗೆ ಇದರ ಎತ್ತರ ಗುಣಿಸಿ ಕಳೆಯುವುದು. ಎಲ್ಲ ಕೂಡಿಸಿ ಅರ್ಧ ಮಾಡುವುದು. ಪ್ರದಕ್ಷಿಣೆಯಾಗಿ ಬರೆದಿದ್ದರೆ ಉತ್ತರ ಋಣವಾಗಿ ಬರುತ್ತದೆ, ಚಿಹ್ನೆ ತೆಗೆದರಾಯಿತು. ಮೂಲೆ ಕಡಿದ ಒಂದು ಸೈಟು: (0,0), (40,0), (40,15), (25,15), (25,30), (0,30). ಮೊತ್ತ 1950, ವಿಸ್ತೀರ್ಣ 975. ಕೈಯಲ್ಲಿ ನೋಡಿದರೂ 1200ರಲ್ಲಿ 15 × 15 ಹೋದರೆ 975.

ಇಲ್ಲಿ ಬಹಳ ಜನ ಬೀಳುವ ಗುಂಡಿಯೊಂದಿದೆ. ಕೊನೆಯ ಮೂಲೆಯಿಂದ ಮೊದಲ ಮೂಲೆಗೆ ಮರಳುವ ಜೋಡಿಯನ್ನು ಲೂಪಿನಲ್ಲಿ ಬಿಟ್ಟಿರುತ್ತಾರೆ, ಆದರೂ 975 ಬರುತ್ತದೆ! ಮೊದಲ ಮೂಲೆ (0,0) ಆದ್ದರಿಂದ ಆ ಜೋಡಿಯ ಪಾಲು ಸೊನ್ನೆ. ಎಲ್ಲ ಅಂಕಿಗೂ 100 ಕೂಡಿಸಿ ಸೈಟನ್ನು ಅಷ್ಟು ದೂರ ಸರಿಸಿ ನೋಡಿ. ಸರಿಯಾದ ಕೋಡ್ ಈಗಲೂ 975 ಎನ್ನುತ್ತದೆ, ಜೋಡಿ ಬಿಟ್ಟ ಕೋಡ್ 2475 ಎನ್ನುತ್ತದೆ. ಸರಿಸಿದ ಮಾತ್ರಕ್ಕೆ ಸೈಟು ದೊಡ್ಡದಾಗುವುದಿಲ್ಲವಲ್ಲ. ಮುಂದಿನ ಮೂಲೆಯ ಸಂಖ್ಯೆಯನ್ನು (ಕ್ರಮ + 1) % ಒಟ್ಟುಮೂಲೆ ಎಂದು ಬರೆದರೆ ಸುತ್ತು ತಾನೇ ಮುಚ್ಚಿಕೊಳ್ಳುತ್ತದೆ.

ಬಹುಭುಜ ಗಟ್ಟಿಯಾಯಿತೇ ಎಂದು ತಿಳಿಯಲು ನಿಮ್ಮ ಜಿಲ್ಲೆಯದೇ ಒಂದು ಆಕಾರ ಕೊಡುತ್ತೇನೆ. ಡಂಬಳದ ದೊಡ್ಡಬಸಪ್ಪ ಗುಡಿ, 12ನೇ ಶತಮಾನದ ಕಲ್ಯಾಣ ಚಾಲುಕ್ಯರ ಕಾಲದ್ದು, ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಮೂಲ ಕಲ್ಪನೆ ಸರಳ: ಒಂದು ಚೌಕವನ್ನು ನಡುಬಿಂದುವಿನ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತ ಆರು ಸಲ ಗೆರೆ ಎಳೆದರೆ 24 ಮೂಲೆ. ಹೊರಮೂಲೆ ನಡುಬಿಂದುವಿನಿಂದ 1 ದೂರದಲ್ಲಿದ್ದರೆ ಒಳಮೂಲೆ 0.8913 ದೂರದಲ್ಲಿ. ಒಟ್ಟು 48 ಬಿಂದು, ಒಂದು ಬಿಟ್ಟು ಒಂದು ಹೊರಗೆ, ಒಳಗೆ. ಉತ್ತರ ಮೊದಲೇ ಅಂದಾಜಿಸಬಹುದು: ಒಂದು ಚೌಕದ 2ಕ್ಕಿಂತ ಹೆಚ್ಚು, ಸುತ್ತುವರಿದ ವೃತ್ತದ 3.1416ಕ್ಕಿಂತ ಕಡಿಮೆ. ಸರಿಯಾದ ಉತ್ತರ 2.792.

ಮ್ಯಾಥ್ ಕ್ಲಾಸಿನ ಸೈನ್, ಕೊಸೈನ್‌ಗಳಿಗೆ ಕೋನ ರೇಡಿಯನ್‌ನಲ್ಲಿ ಬೇಕು. ಬರೀ 15 ಕೊಟ್ಟರೆ ಕೊಸೈನ್ 0.9659 ಬರುವ ಬದಲು ಋಣ 0.7597 ಬಂದು ನಕ್ಷತ್ರ ಚಿಂದಿಯಾಗುತ್ತದೆ. ಆ ತಪ್ಪು ತಕ್ಷಣ ಗೊತ್ತಾಗುತ್ತದೆ. ಗೊತ್ತಾಗದ್ದು ಇದು: ಬಿಂದುಗಳ ನಡುವಿನ ಕೋನವನ್ನು 360 / 48 ಎಂದು ಬರೆದರೆ, ನಿಮ್ಮ 22 / 7ರ ಕಥೆಯೇ, 7.5 ಹೋಗಿ 7 ಆಗುತ್ತದೆ. 48 ಬಿಂದುಗಳು ಸುತ್ತು ಮುಗಿಸದೆ ನಿಲ್ಲುತ್ತವೆ, ಕೊನೆಯಲ್ಲಿ ಉಳಿದ ಜಾಗಕ್ಕೆ ಒಂದು ನೇರ ಗೆರೆ ಬೀಳುತ್ತದೆ. ವಿಸ್ತೀರ್ಣ ಆಗ 2.782. ನಮ್ಮ ಅಂದಾಜಿನ ಒಳಗೇ ಇದೆ, ಸರಿಯಾದದ್ದಕ್ಕೂ ಅದಕ್ಕೂ 0.01ರಷ್ಟೇ ಅಂತರ. ವಿಸ್ತೀರ್ಣ ಮಾತ್ರ ನೋಡಿದವರಿಗೆ ಇದು ಸಿಗುವುದಿಲ್ಲ. 48ನೇ ಬಿಂದುವಿನ ಕೋನ ಪ್ರಿಂಟ್ ಮಾಡಿ: 352.5 ಬಂದರೆ ಸರಿ, 329 ಬಂದರೆ 360ನ್ನು 360.0 ಮಾಡಿ ಮತ್ತೆ ಓಡಿಸಿ.